1923ರ ‘ಕಮಿನ್ ಥ್ರೂ ದ ರೈ’ ನೋಡಿದವರು ಯಾರಾದರೂ ಇದ್ದೀರಾ?

ಹಳೇರೀಲು

ಮೂಕಿ ಚಿತ್ರ ಅಂದ ಕೂಡಲೇ ನಮಗೆಲ್ಲ ಚಾಪ್ಲಿನ್ ನೆನಪಾಗುತ್ತಾರೆ. ಸ್ವಲ್ಪ ಜಾಸ್ತಿ ನೋಡಿದವರಿಗೆ ಜರ್ಮನಿ, ರಷ್ಯಾದ ಚಿತ್ರಗಳು ಗೊತ್ತಿರುತ್ತವೆ. ಬ್ರಿಟನ್ನಿನ ಮೂಕಿ ಚಿತ್ರಗಳ ಮಾತು ಬಂದರೆ ಹಿಚ್‌ಕಾಕ್‌ನಿಂದಲೇ ಶುರು ಮಾಡುತ್ತೇವೆ. ಅವನಿಗಿಂತ ಮುಂಚೆ ಇಪ್ಪತ್ತೈದು ವರ್ಷ ಅಲ್ಲಿ ಸಿನಿಮಾ ತೆಗೆದವರೊಬ್ಬರಿದ್ದಾರೆ. ಹೆಸರು ಸೆಸಿಲ್ ಹೆಪ್‌ವರ್ತ್. ಅವರ ‘ಕಮಿನ್ ಥ್ರೂ ದ ರೈ’ ಕಳೆದ ವಾರ ಎರಡು ಸಲ ನೋಡಿದೆ. ಯಾರ ಜೊತೆಗಾದರೂ ಮಾತಾಡಲೇಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಸರಳ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿಗಾಡು. ಹೆಲೆನ್ ಅಡೇರ್ ಅನ್ನೋ ಹುಡುಗಿ, ಪಾಲ್ ವಾಶರ್ ಅನ್ನೋ ಗಂಡಸು. ಇಬ್ಬರಿಗೂ ಪ್ರೀತಿ. ಪಾಲ್‌ನ ಮೇಲೆ ಸಿಲ್ವಿಯಾ ಫ್ಲೆಮಿಂಗ್‌ಗೂ ಆಸೆ. ಹೆಲೆನ್ ಮೇಲೆ ಜಾರ್ಜ್ ಟೆಂಪೆಸ್ಟ್‌ಗೂ ಆಸೆ. ಹೆಲೆನ್‌ಗೂ ಜಾರ್ಜ್‌ಗೂ ಮದುವೆಯಾಯಿತು ಅಂತ ಸಿಲ್ವಿಯಾ ಪೇಪರಿನಲ್ಲಿ ಸುಳ್ಳು ಪ್ರಕಟಣೆ ಹಾಕಿಸುತ್ತಾಳೆ. ಪಾಲ್ ಅದನ್ನು ಓದಿ ನಂಬುತ್ತಾನೆ. ನಂಬಿ ಸಿಲ್ವಿಯಾಳನ್ನೇ ಮದುವೆಯಾಗುತ್ತಾನೆ. ಮುಂದಿನದು ಹೇಳುವುದಿಲ್ಲ, ನೋಡಿ.

ಇಂಥ ಕಥೆ ನೂರು ಕೇಳಿದ್ದೇವೆ. ನನ್ನನ್ನು ಹಿಡಿದು ಕೂರಿಸಿದ್ದು ಹೊಲ. ರೈ ಬೆಳೆಯುವ ಒಂದು ಹೊಲ ಚಿತ್ರದ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಪೈರು ಎತ್ತರ ಆಗುತ್ತದೆ, ತೆನೆ ಕಟ್ಟುತ್ತದೆ, ಹಣ್ಣಾಗುತ್ತದೆ. ಅದರ ಪಕ್ಕದಲ್ಲೇ ಇವರ ಪ್ರೀತಿಯೂ ಹಾಗೇ ನಡೆಯುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವುದಕ್ಕೆ ಮಾತೂ ಇಲ್ಲ. ಹೊಲ ನೋಡಿದರೆ ಸಾಕು, ಎಷ್ಟು ದಿನ ಕಳೆಯಿತು, ಯಾವುದು ಬಲಿಯಿತು ಅಂತ ನಮಗೇ ಗೊತ್ತಾಗುತ್ತದೆ.

ನೋಡಿದವರು ದಯವಿಟ್ಟು ಬರೆಯಿರಿ.

ಮೂಕಿಪ್ರಿಯೆ

ಅಬ್ಬಾ, ಈ ಚಿತ್ರದ ಹೆಸರು ಇಲ್ಲಿ ಕೇಳುತ್ತೇನೆ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು.

ಆಲ್ಮಾ ಟೇಲರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಲೆನ್ ಪಾತ್ರ ಮಾಡಿದವರು ಅವರೇ. 1895ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಹೆಪ್‌ವರ್ತ್ ಕಂಪನಿ ಸೇರಿದರು. ಕ್ರಿಸ್ಸಿ ವೈಟ್ ಜೊತೆ ‘ಟಿಲ್ಲಿ’ ಅನ್ನೋ ತುಂಟ ಹುಡುಗಿಯರ ಸರಣಿಯಲ್ಲಿ ಕುಣಿದು ಕುಪ್ಪಳಿಸಿ ಹೆಸರು ಮಾಡಿದರು. 1915ರಲ್ಲಿ ಒಂದು ಸಿನಿಮಾ ಪತ್ರಿಕೆ ಓದುಗರ ಮತ ಕೇಳಿದಾಗ ಬ್ರಿಟಿಷ್ ಕಲಾವಿದರಲ್ಲಿ ಮೊದಲು ಬಂದದ್ದು ಇವರು. ಚಾಪ್ಲಿನ್ ಇವರ ಹಿಂದೆ! ಇವತ್ತು ಇವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಅವರ ಅಭಿನಯದಲ್ಲಿ ಕೈ ಬೀಸುವುದು, ಕಣ್ಣು ಅರಳಿಸುವುದು ತುಂಬಾ ಕಡಿಮೆ. ಆ ಕಾಲದ ನಾಟಕದ ನಟಿಯರು ಕ್ಯಾಮೆರಾ ಮುಂದೆ ಬಂದರೆ ಹಿಂದಿನ ಸಾಲಿನವರಿಗೂ ಕಾಣಲಿ ಅನ್ನೋ ಹಾಗೆ ಮಾಡುತ್ತಿದ್ದರು. ಆಲ್ಮಾ ಕ್ಯಾಮೆರಾ ಮುಂದೆಯೇ ಬೆಳೆದವರು. ಸುಮ್ನೆ ನಿಂತರೂ ಮುಖದ ಮೇಲೆ ಏನೋ ಹಾದುಹೋಗುತ್ತದೆ.

ದಾವಣಗೆರೆ ಟಾಕೀಸ್

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇದನ್ನು ಅರ್ಧಕ್ಕೆ ನಿಲ್ಲಿಸಿದೆ. ತುಂಬಾ ನಿಧಾನ. 28 ವರ್ಷದ ನಟಿ ಶಾಲೆಗೆ ಹೋಗೋ ಹುಡುಗಿ ಅಂದರೆ ನಂಬುವುದು ಹೇಗೆ? ಸಿಲ್ವಿಯಾ ಬರೀ ಕೆಟ್ಟವಳು, ಯಾಕೆ ಹಾಗೆ ಅಂತ ನನಗೆ ಗೊತ್ತಾಗಲಿಲ್ಲ. ಪಾಲ್ ಒಂದು ಪೇಪರ್ ಓದಿದ ತಕ್ಷಣ ನಂಬಿಬಿಡುತ್ತಾನೆ. ಒಂದು ಕಾಗದ ಬರೆದು ಕೇಳಬಾರದಿತ್ತಾ? ಅದೇ ಹೊತ್ತಿಗೆ ಅಮೆರಿಕದಲ್ಲಿ ಎಂಥೆಂಥ ಚಿತ್ರಗಳು ಬರುತ್ತಿದ್ದವು. ಇದು 1923ರದ್ದು ಅಂದರೆ ನಂಬಿಕೆ ಬರುವುದಿಲ್ಲ. ಹತ್ತು ವರ್ಷ ಹಿಂದಿನ ಚಿತ್ರದ ಹಾಗಿದೆ.

ಹಳೇರೀಲು

ಬೇಜಾರು ಏನೂ ಇಲ್ಲ, ನೀವು ಹೇಳಿದ್ದನ್ನು ಆ ಕಾಲದಲ್ಲೂ ಹೇಳಿದ್ದಾರೆ. ಚಿತ್ರ ಬಂದಾಗಲೇ ಹಳೇ ಕಾಲದ್ದು ಅನ್ನಿಸಿತ್ತು. ಅದಕ್ಕೆ ಒಂದು ಕಾರಣ ಇದೆ. ಇದು ಮರುಚಿತ್ರ. ಇದೇ ಕಥೆಯನ್ನು ಹೆಪ್‌ವರ್ತ್ 1916ರಲ್ಲಿ ಒಮ್ಮೆ ತೆಗೆದಿದ್ದರು, ಆಗಲೂ ಹೆಲೆನ್ ಆಗಿದ್ದದ್ದು ಆಲ್ಮಾ ಟೇಲರ್. ಅದನ್ನು ಲಂಡನ್ನಿನ ಮಾರ್ಲ್‌ಬರೋ ಹೌಸ್‌ನಲ್ಲಿ ಅಲೆಕ್ಸಾಂಡ್ರಾ ರಾಣಿಗೆ ತೋರಿಸಿದ್ದರು. ಕಥೆಯ ಮೂಲ ಹೆಲೆನ್ ಮ್ಯಾಥರ್ಸ್ 1875ರಲ್ಲಿ ಬರೆದ ಕಾದಂಬರಿ. ಅಂದರೆ ಚಿತ್ರ ನೋಡಿದವರ ಅಮ್ಮಂದಿರು, ಅಜ್ಜಿಯರು ಹರೆಯದಲ್ಲಿ ಓದಿ ಅತ್ತ ಪುಸ್ತಕ. ಅದಕ್ಕೇ ಈ ಚಿತ್ರಕ್ಕೆ ಮನೆಯ ಹಳೇ ಪೆಟ್ಟಿಗೆ ತೆಗೆದ ವಾಸನೆ ಇದೆ. ನನಗೆ ಅದು ಇಷ್ಟ.

ಪೇಪರ್ ವಿಷಯ. ಆ ಕಾಲದಲ್ಲಿ ಹುಟ್ಟು, ಮದುವೆ, ಸಾವು ಮೂರೂ ಪೇಪರಿನಲ್ಲಿ ಬರುತ್ತಿದ್ದವು. ದೂರದಲ್ಲಿರುವವನಿಗೆ ಅಲ್ಲಿ ಅಚ್ಚಾದದ್ದೇ ಸತ್ಯ. ಪ್ರೀತಿಸಿದವಳು ಮದುವೆಯಾದಳು ಅಂತ ಓದಿದ ಮೇಲೆ ಅವಳಿಗೇ ಕಾಗದ ಬರೆದು ‘ನಿಜವಾ?’ ಅಂತ ಕೇಳುವುದು, ಇನ್ನೊಬ್ಬನ ಹೆಂಡತಿಗೆ ಕಾಗದ ಬರೆದ ಹಾಗೆ. ಮರ್ಯಾದಸ್ಥ ಮಾಡುವ ಕೆಲಸ ಅಲ್ಲ ಅದು. ಸಿಲ್ವಿಯಾಗೆ ಇದು ಗೊತ್ತು. ಅವಳ ಸುಳ್ಳು ಗೆಲ್ಲುವುದು ಪಾಲ್‌ನ ಒಳ್ಳೆತನದಿಂದಲೇ. ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಬಯಲುಸೀಮೆ ರೈತ

ಸಿನಿಮಾ ನೋಡಿಲ್ಲ, ಇವತ್ತು ನೋಡುತ್ತೇನೆ. ಬೆಳೆ ಬಗ್ಗೆ ಒಂದು ಮಾತು.

ರೈ ಅಂದರೆ ರಾಗಿ ಅಲ್ಲ. ಹೆಸರು ಹತ್ತಿರ ಇದೆ ಅಷ್ಟೇ. ಗೋಧಿ, ಬಾರ್ಲಿಯ ಬಳಗದ್ದು. ರಾಗಿ ಪೈರು ಸೊಂಟದ ಹತ್ತಿರ ನಿಲ್ಲುತ್ತದೆ. ರೈ ಆಳೆತ್ತರಕ್ಕೆ ಹೋಗುತ್ತದೆ. ದಂಟು ತೆಳ್ಳಗೆ, ಉದ್ದ. ಗಾಳಿ ಬಂದರೆ ಇಡೀ ಹೊಲ ಕೆರೆ ನೀರಿನ ಹಾಗೆ ಆಡುತ್ತದೆ. ಇಬ್ಬರು ಒಳಗೆ ನಡೆದರೆ ಹೊರಗಿನವರಿಗೆ ಕಾಣುವುದಿಲ್ಲ. ಹಾಡು, ಕಥೆ ಎಲ್ಲ ಆ ಹೊಲದಲ್ಲೇ ಯಾಕೆ ಹುಟ್ಟಿದವು ಅಂತ ಅರ್ಥ ಆಗುತ್ತಲ್ಲ!

ಇನ್ನೊಂದು. ನಮ್ಮ ರಾಗಿ ಮೂರೂವರೆ, ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಚಳಿದೇಶದಲ್ಲಿ ರೈ ಬಿತ್ತುವುದು ಚಳಿಗಾಲಕ್ಕೆ ಮುಂಚೆ. ಹಿಮ ಬಿದ್ದರೂ ಸಾಯುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕಾಯುತ್ತದೆ. ಬೇಸಿಗೆಗೆ ಮೇಲೆದ್ದು, ಕೊಯ್ಲು ಆಗುವ ಹೊತ್ತಿಗೆ ಹತ್ತು ತಿಂಗಳ ಹತ್ತಿರ. ಅಷ್ಟು ದಿನದ ಪೈರನ್ನು ಒಬ್ಬ ಸಿನಿಮಾದವನು ಹಂತ ಹಂತವಾಗಿ ಹಿಡಿದಿದ್ದಾನೆ ಅಂದರೆ ಅವನಿಗೆ ಕೈ ಮುಗಿಯಬೇಕು. ಮಳೆಗಾಗಿ ಕಾದವರಿಗೆ ಆ ತಾಳ್ಮೆಯ ಬೆಲೆ ಗೊತ್ತು.

ಮೂಕಿಪ್ರಿಯೆ

ಅಣ್ಣಾ, ಇದನ್ನು ಓದಿ ಚಿತ್ರವೇ ಬೇರೆ ಥರ ಕಾಣುತ್ತಿದೆ. ಹಿಮದ ಕೆಳಗೆ ಕಾಯುವ ಪೈರು! ಹೆಲೆನ್‌ಗೆ ಇದಕ್ಕಿಂತ ಸರಿಯಾದ ಹೋಲಿಕೆ ಸಿಗುವುದಿಲ್ಲ.

ಹೆಪ್‌ವರ್ತ್ ತಮ್ಮ ಸ್ಟುಡಿಯೋದ ಹತ್ತಿರ ರೈ ಬಿತ್ತಿಸಿ ಬೆಳೆಸಿದರು. ಆ ಹೊಲ ಯಾಕೆ ಅಷ್ಟು ನಿಜ ಅನ್ನಿಸುತ್ತದೆ ಅಂದರೆ ಅದು ನಿಜವೇ.

ಹಾಡಿನ ಮಾತು ಬಂತಲ್ಲ. ‘ಕಮಿನ್ ಥ್ರೂ ದ ರೈ’ ಅನ್ನೋದು ಮೊದಲು ಒಂದು ಹಾಡು, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 18ನೇ ಶತಮಾನದಲ್ಲಿ ಬರೆದದ್ದು. ರೈ ಹೊಲದ ನಡುವೆ ಬರುವಾಗ ಒಬ್ಬರಿಗೊಬ್ಬರು ಸಿಕ್ಕರೆ, ಒಂದು ಮುತ್ತು ಕೊಟ್ಟರೆ, ಅದರಲ್ಲಿ ಅಳುವಂಥದ್ದೇನು ಅನ್ನೋ ಅರ್ಥ. ತುಂಟ ಹಾಡು. ಅದೇ ಸಾಲನ್ನು ಹೆಸರು ಮಾಡಿಕೊಂಡ ಕಥೆಯಲ್ಲಿ ಅಳುವುದೇ ಜಾಸ್ತಿ.

ಫೋಕಸ್ ಪುಲ್ಲರ್

ನಾನು ಕ್ಯಾಮೆರಾ ವಿಭಾಗದಲ್ಲಿ ಕೆಲಸ ಮಾಡುವವನು. ‘ನಿಧಾನ’ ಅಂದಿರಲ್ಲ, ಅದರ ಹಿಂದೆ ಏನಿದೆ ಹೇಳುತ್ತೇನೆ.

ಹೆಪ್‌ವರ್ತ್‌ಗೆ ಕಟ್ ಅಂದರೆ ಆಗುತ್ತಿರಲಿಲ್ಲ. ಒಂದು ಶಾಟಿನಿಂದ ಇನ್ನೊಂದಕ್ಕೆ ಥಟ್ಟನೆ ಹಾರಿದರೆ ನೋಡುವವನ ಕಣ್ಣಿಗೆ ಪೆಟ್ಟು ಬಿದ್ದ ಹಾಗಾಗುತ್ತದೆ ಅಂತ ಅವರ ನಂಬಿಕೆ. ಅದಕ್ಕೇ ಒಂದೇ ಜಾಗದೊಳಗಿನ ಶಾಟುಗಳ ನಡುವೆಯೂ ಫೇಡ್ ಬಳಸುತ್ತಿದ್ದರು. ಚಿತ್ರ ಮೆಲ್ಲಗೆ ಕತ್ತಲಿಗೆ ಇಳಿಯುತ್ತದೆ, ಮೆಲ್ಲಗೆ ಮತ್ತೊಂದು ಏಳುತ್ತದೆ. ಆಗ ಇದನ್ನು ಕ್ಯಾಮೆರಾದಲ್ಲೇ ಮಾಡುತ್ತಿದ್ದರು. ಕೈಯಲ್ಲಿ ಹಿಡಿಕೆ ತಿರುಗಿಸುತ್ತಲೇ ಬೆಳಕು ಬರುವ ಕಿಂಡಿಯನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಹೋಗಬೇಕು. ಛಾಯಾಗ್ರಾಹಕ ಜೆಫ್ರಿ ಫೇತ್‌ಫುಲ್. ಕೈ ಎಷ್ಟು ಹದವಾಗಿ ತಿರುಗಿರಬೇಕು ಯೋಚಿಸಿ.

1923ಕ್ಕೆ ಇದು ಹಿಂದುಳಿದ ರೀತಿ ಅನ್ನುವುದು ಒಪ್ಪುತ್ತೇನೆ. ಆದರೆ ಕಾರಣವನ್ನು ನೋಡಿ. ಹೆಪ್‌ವರ್ತ್ ತಂದೆ ಮಾಯಾದೀಪ, ಅಂದರೆ ಗಾಜಿನ ಸ್ಲೈಡುಗಳನ್ನು ದೀಪದ ಬೆಳಕಿನಲ್ಲಿ ಪರದೆ ಮೇಲೆ ಬಿಡುವ ಯಂತ್ರ, ಅದನ್ನು ಇಟ್ಟುಕೊಂಡು ಊರೂರಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದರು. ಮಗ ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದನ್ನೇ. ಆ ಮಗುವಿನ ಕಣ್ಣು ಈ ಚಿತ್ರದಲ್ಲಿದೆ.

ಅವರಿಗೆ ವೇಗ ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. 1905ರ ‘ರೆಸ್ಕ್ಯೂಡ್ ಬೈ ರೋವರ್’ ಇವರದ್ದೇ. ಕದ್ದ ಮಗುವನ್ನು ನಾಯಿ ಹುಡುಕಿ ತರುವ ಕಥೆ. ಖರ್ಚು 7 ಪೌಂಡ್, 13 ಶಿಲ್ಲಿಂಗ್, 9 ಪೆನ್ಸ್. ಪ್ರಿಂಟ್ ತೆಗೆದು ತೆಗೆದು ನೆಗೆಟಿವ್ ಸವೆದುಹೋಗಿ, ಅದೇ ಚಿತ್ರವನ್ನು ಇನ್ನೆರಡು ಸಲ ಮೊದಲಿನಿಂದ ತೆಗೆಯಬೇಕಾಯಿತು. ಅದರಲ್ಲಿ ಶಾಟುಗಳು ನಾಯಿಯ ಹಾಗೇ ಓಡುತ್ತವೆ. ಓಡಿಸುವುದು ಗೊತ್ತಿದ್ದವರು ಬೇಕೆಂದೇ ನಡೆದಿದ್ದಾರೆ.

ಇನ್ನೊಂದು ವಿಷಯ, ದಾವಣಗೆರೆಯವರಿಗೆ. ನೀವು ನೋಡಿದ ಪ್ರತಿಯ ವೇಗ ಹೇಗಿತ್ತು? ಮೂಕಿ ಚಿತ್ರಗಳನ್ನು ಸೆಕೆಂಡಿಗೆ 16ರಿಂದ 20 ಫ್ರೇಮ್ ಆಸುಪಾಸಿನಲ್ಲಿ ತೆಗೆಯುತ್ತಿದ್ದರು. 24ರಲ್ಲಿ ಓಡಿಸಿದರೆ ಎಲ್ಲರೂ ಗೊಂಬೆ ಹಾಗೆ ಕುಣಿಯುತ್ತಾರೆ, ಕಣ್ಣೀರೂ ನಗು ತರಿಸುತ್ತದೆ. ಪ್ಲೇಯರಿನಲ್ಲಿ ವೇಗ ಕಡಿಮೆ ಮಾಡಿ ನೋಡಿ.

ದಾವಣಗೆರೆ ಟಾಕೀಸ್

ಓಹ್. ಹೌದು, ಜನ ದಡಬಡ ನಡೆಯುತ್ತಿದ್ದರು. ಇದು ಹೊಳೆದಿರಲಿಲ್ಲ. ಈ ಭಾನುವಾರ ಮತ್ತೆ ಪ್ರಯತ್ನ ಮಾಡುತ್ತೇನೆ.

ಥೇಮ್ಸ್ ದಡದ ಕನ್ನಡತಿ

ನಾನು ಇರುವುದು ಇಂಗ್ಲೆಂಡಿನ ಸರ್ರೆ ಕಡೆ. ಹೆಪ್‌ವರ್ತ್ ಸ್ಟುಡಿಯೋ ಇದ್ದ ವಾಲ್ಟನ್-ಆನ್-ಥೇಮ್ಸ್‌ಗೆ ಸಂತೆ ಸಾಮಾನಿಗೆ ಹೋಗುತ್ತಿರುತ್ತೇನೆ. ಅಲ್ಲಿ ಹೆಪ್‌ವರ್ತ್ ವೇ ಅಂತ ರಸ್ತೆ ಇದೆ. ಎಷ್ಟೋ ವರ್ಷ ಆ ಹೆಸರಿನ ಕೆಳಗೆ ಓಡಾಡಿದ್ದೇನೆ, ಯಾರೋ ಮೇಯರ್ ಇರಬೇಕು ಅಂದುಕೊಂಡಿದ್ದೆ.

ಸ್ಟುಡಿಯೋ ಈಗಿಲ್ಲ. ಹೆಪ್‌ವರ್ತ್ ಕೈ ಬಿಟ್ಟ ಮೇಲೆ ನೆಟಲ್‌ಫೋಲ್ಡ್ ಸ್ಟುಡಿಯೋ ಆಯಿತು. 1950ರ ದಶಕದಲ್ಲಿ ರಾಬಿನ್ ಹುಡ್ ಟಿವಿ ಸರಣಿ ಅಲ್ಲೇ ಚಿತ್ರೀಕರಣವಾದದ್ದು. 60ರ ದಶಕದ ಶುರುವಿನಲ್ಲಿ ಕೆಡವಿದರು, ಆ ಜಾಗದಲ್ಲಿ ಅಂಗಡಿ ಸಾಲು ಬಂತು. ಒಂದು ಕಟ್ಟಡ ಮಾತ್ರ ಉಳಿದಿದೆ. ಹೆಪ್‌ವರ್ತ್ ಸ್ಟುಡಿಯೋಗೆ ಕರೆಂಟ್ ಕೊಡಲು ಕಟ್ಟಿಸಿದ್ದ ಮನೆ. ಈಗ ಅದು ಪ್ಲೇಹೌಸ್, ಊರಿನವರು ನಾಟಕ ಆಡುವ ಜಾಗ. ಈ ಚರ್ಚೆ ಓದಿ ಮೊನ್ನೆ ಸಂಜೆ ಅದರ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಒಳಗೆ ಯಾರೋ ಸಂಭಾಷಣೆ ಅಭ್ಯಾಸ ಮಾಡುತ್ತಿದ್ದರು.

ಹಳೇರೀಲು

ನಿಮಗೆ ದೊಡ್ಡ ನಮಸ್ಕಾರ. ಆ ಮನೆ ಉಳಿದಿದೆ ಅನ್ನುವುದೇ ಸಮಾಧಾನ.

ಈಗ ನನ್ನ ಹೊಟ್ಟೆ ಉರಿಯುವ ಭಾಗಕ್ಕೆ ಬರುತ್ತೇನೆ. ಈ ಚಿತ್ರ ಮುಗಿಸಿದ ಹೊತ್ತಿಗೆ ಹೆಪ್‌ವರ್ತ್ ಕಂಪನಿ ಮುಳುಗುತ್ತಿತ್ತು. ಸ್ಟುಡಿಯೋ ದೊಡ್ಡದು ಮಾಡಲು 1922ರಲ್ಲಿ ಜನರಿಗೆ ಷೇರು ಬಿಟ್ಟಿದ್ದರು, ಬೇಕಾದಷ್ಟು ದುಡ್ಡು ಬರಲಿಲ್ಲ. ಬ್ರಿಟನ್ನಿನ ಥಿಯೇಟರುಗಳ ತುಂಬ ಆಗ ಅಮೆರಿಕದ ಚಿತ್ರಗಳೇ. 1926ರ ಹೊತ್ತಿಗೆ ಅಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ಬ್ರಿಟನ್ನಿನವು ಶೇಕಡಾ 5ರಷ್ಟು ಮಾತ್ರ. ತಮ್ಮದೇ ಚಿತ್ರಗಳಿಗೆ ಜಾಗ ಕೊಡಿಸಲು 1927ರಲ್ಲಿ ಸರ್ಕಾರ ಕಾನೂನನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಹೆಪ್‌ವರ್ತ್ ಕಥೆ ಮುಗಿದಿತ್ತು. 1924ರಲ್ಲಿ ಕಂಪನಿ ದಿವಾಳಿ.

ಸಾಲ ತೀರಿಸಲು ಬಂದ ಅಧಿಕಾರಿಗೆ ಅವರ ನೆಗೆಟಿವ್‌ಗಳು ಬರೀ ಸಾಮಾನು. ಇಪ್ಪತ್ತೈದು ವರ್ಷದ ಕೆಲಸವನ್ನು ಕರಗಿಸಲು ಮಾರಿಬಿಟ್ಟರು. ಒಂದೊಂದು ನೆಗೆಟಿವ್ ಹಿಂದೆ ಎಷ್ಟು ಜನರ ಮುಖ, ಎಷ್ಟು ಬೇಸಿಗೆಯ ಬೆಳಕು ಇತ್ತೋ.

‘ರೈ’ ಪ್ರಿಂಟ್ ಉಳಿದುಕೊಂಡಿತು. ತಾವು ತೆಗೆದದ್ದರಲ್ಲಿ ಇದೇ ಅತ್ಯುತ್ತಮ ಅಂತ ಅವರು ಕೊನೆವರೆಗೂ ನಂಬಿದ್ದರು. ಆಮೇಲೆ ಬೇರೆಯವರ ಚಿತ್ರಗಳಿಗೆ ಟ್ರೇಲರ್ ಮಾಡಿಕೊಡುವ ಕೆಲಸಕ್ಕೆ ಸೇರಿದರು. 1951ರಲ್ಲಿ ಆತ್ಮಕಥೆ ಬರೆದರು, 1953ರಲ್ಲಿ ತೀರಿಕೊಂಡರು.

ಗಾಂಧಿಬಜಾರ್ ಓದುಗ

ಇದನ್ನು ಓದುವಾಗ ನನಗೆ ‘ಸತಿ ಸುಲೋಚನ’ ನೆನಪಾಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರದ್ದು. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು. ಅದರ ಒಂದು ಪ್ರಿಂಟೂ ನಮ್ಮ ಹತ್ತಿರ ಉಳಿದಿಲ್ಲ. ಫೋಟೋ ನೋಡಿ ಸುಮ್ಮನಾಗಬೇಕು. ಅವರ ಧ್ವನಿ ಹೇಗಿತ್ತೋ ಕೇಳುವ ಹಾಗಿಲ್ಲ. ಇಂಗ್ಲೆಂಡಿನಲ್ಲೂ ಹೀಗೇ ಆಗಿದೆ ಅಂತ ನನಗೆ ಗೊತ್ತಿರಲಿಲ್ಲ. ಉಳಿದ ಒಂದನ್ನು ನೀವು ಹೀಗೆ ಕೂತು ಎರಡೆರಡು ಸಲ ನೋಡುತ್ತಿರುವುದು ಕೇಳಿ ಕಣ್ಣು ತುಂಬಿತು.

ಮೂಕಿಪ್ರಿಯೆ

ಗಾಂಧಿಬಜಾರಿನವರೇ, ಸ್ವಲ್ಪ ಸಮಾಧಾನದ ಸುದ್ದಿ ಇದೆ. ಹೆಪ್‌ವರ್ತ್ 1920ರಲ್ಲಿ ‘ಹೆಲೆನ್ ಆಫ್ ಫೋರ್ ಗೇಟ್ಸ್’ ಅಂತ ತೆಗೆದಿದ್ದರು. ಅದರಲ್ಲೂ ಆಲ್ಮಾ ಟೇಲರ್. ಯಾರ್ಕ್‌ಶೈರಿನ ಹೆಬ್ಡೆನ್ ಬ್ರಿಜ್ ಸುತ್ತಿನ ಬೋಳು ಗುಡ್ಡಗಳಲ್ಲಿ ತೆಗೆದ ಚಿತ್ರ. ದಶಕಗಳ ಕಾಲ ಅದು ಹೋಯಿತು ಅಂದುಕೊಂಡಿದ್ದರು. 2008ರ ಸುಮಾರಿಗೆ ಕೆನಡಾದ ಮಾಂಟ್ರಿಯಲ್‌ನ ಒಂದು ಸಂಗ್ರಹದಲ್ಲಿ ಪ್ರಿಂಟ್ ಸಿಕ್ಕಿತು! ಆಮೇಲೆ ಅದನ್ನು ಹೆಬ್ಡೆನ್ ಬ್ರಿಜ್ ಊರಿನ ಥಿಯೇಟರಿನಲ್ಲೇ ತೋರಿಸಿದರು. ತಮ್ಮ ಗುಡ್ಡ, ತಮ್ಮ ಕಲ್ಲುಗೋಡೆ ತೊಂಬತ್ತು ವರ್ಷದ ಹಿಂದೆ ಹೇಗಿತ್ತು ಅಂತ ಆ ಊರಿನವರು ನೋಡಿದರು.

ಆ ಕಥೆ ಬರೆದವರು ಎಥೆಲ್ ಕಾರ್ನಿ ಹೋಲ್ಡ್ಸ್‌ವರ್ತ್. ಲ್ಯಾಂಕಾಶೈರಿನ ಹತ್ತಿ ಗಿರಣಿಯಲ್ಲಿ 11ನೇ ವಯಸ್ಸಿಗೇ ದುಡಿಯಲು ಶುರು ಮಾಡಿದ ಹೆಣ್ಣುಮಗಳು. ಅವರ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ, ಇಲ್ಲಿ ಬರೆದರೆ ಮಾತು ಎಲ್ಲೋ ಹೋಗುತ್ತದೆ.

ಎಲ್ಲೋ ಒಂದು ಡಬ್ಬಿಯಲ್ಲಿ ‘ಸತಿ ಸುಲೋಚನ’ ಕೂಡ ಕಾಯುತ್ತಿರಬಹುದು ಅಂತ ನಾನು ನಿಜವಾಗಿ ನಂಬುತ್ತೇನೆ.

ಬಯಲುಸೀಮೆ ರೈತ

ನೋಡಿದೆ. ಹೊಲ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡಿದೆ. ಬಿತ್ತಿದವನಿಗೆ ಬೆಳೆ ಗೊತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. ಪೈರು ಒತ್ತಾಗಿ, ಒಂದೇ ಸಮ ಬಂದಿದೆ.

ಸಿಲ್ವಿಯಾ ಬಗ್ಗೆ ದಾವಣಗೆರೆಯವರು ಹೇಳಿದ್ದು ಸರಿ ಅನ್ನಿಸಿತು. ಅವಳಿಗೆ ಇನ್ನೂ ನಾಲ್ಕು ದೃಶ್ಯ ಕೊಡಬೇಕಿತ್ತು. ಪಾಲ್ ಆದವರು ಸ್ವಲ್ಪ ಬಿಗಿ. ಆಲ್ಮಾ ಮಾತ್ರ ನಮ್ಮ ಮನೆ ಹುಡುಗಿ ಹಾಗೇ ಇದ್ದಾರೆ. ಶಾಲೆ ಹುಡುಗಿಯಾಗಿ ಓಡುವಾಗ ವಯಸ್ಸು ಕಾಣುತ್ತದೆ, ದುಃಖ ಬಂದ ಮೇಲೆ ಅದೇ ವಯಸ್ಸು ಸಹಾಯಕ್ಕೆ ಬರುತ್ತದೆ. ಇಪ್ಪತ್ತೆಂಟು ವರ್ಷದ ಮುಖಕ್ಕೆ ಮಾತ್ರ ಬರುವ ದಣಿವು ಅದು.

ಹಳೇರೀಲು

ಈ ಮಾತು ನಾನು ಬರೆಯಬೇಕಿತ್ತು ಅನ್ನಿಸಿತು. ಎರಡು ಸಲ ನೋಡಿಯೂ ನನಗೆ ಕಂಡಿರಲಿಲ್ಲ. ಸಿಲ್ವಿಯಾ ವಿಷಯವನ್ನೂ ಒಪ್ಪುತ್ತೇನೆ.

ದಾವಣಗೆರೆ ಟಾಕೀಸ್

ಭಾನುವಾರ ಆಯಿತು. ವೇಗ ಕಡಿಮೆ ಮಾಡಿ ಟಿವಿಗೆ ಹಾಕಿದೆ. ನಮ್ಮಜ್ಜಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಡುನಡುವೆ ಬರುವ ಅಕ್ಷರಗಳನ್ನು ನಾನು ಓದಿ ಹೇಳಲು ಹೋದೆ. ‘ಬೇಡ ಬಿಡಪ್ಪ, ಗೊತ್ತಾಗ್ತೈತಿ’ ಅಂದರು.

ಪೇಪರಿನ ದೃಶ್ಯ ಬಂದಾಗ ಮಾತ್ರ ಹೇಳಿದೆ, ಇದು ಸುಳ್ಳು ಸುದ್ದಿ, ಆ ಹುಡುಗಿಗೆ ಇನ್ನೂ ಗೊತ್ತಿಲ್ಲ ಅಂತ. ಅಜ್ಜಿ ಕೈ ನಿಂತಿತು. ಅಲ್ಲಿಂದ ಕೊನೆವರೆಗೂ ಒಂದು ಕಾಯಿ ಬಿಡಿಸಲಿಲ್ಲ.

ನಾನು ನಿಲ್ಲಿಸಿದ್ದ ಜಾಗ ದಾಟಿತು. ಕೊನೆವರೆಗೂ ನೋಡಿದೆವು. ನನ್ನ ಅಭಿಪ್ರಾಯ ಆಮೇಲೆ ವಿವರವಾಗಿ ಬರೆಯುತ್ತೇನೆ, ಪಾಲ್ ಮೇಲೆ ನನಗಿನ್ನೂ ಕೋಪ ಇದೆ. ಒಂದು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಹೊಲ ತೋರಿಸಿದಾಗಲೆಲ್ಲ ಅಜ್ಜಿ ಹೆಲೆನ್ ಬಗ್ಗೆ ಕೇಳುತ್ತಿರಲಿಲ್ಲ, ಪೈರು ನೋಡುತ್ತಿದ್ದರು. ಒಮ್ಮೆ ತಮ್ಮಷ್ಟಕ್ಕೆ ತಾವೇ ಅಂದರು: ‘ಇನ್ನೂ ಹಸಿರೈತಿ. ಇನ್ನೂ ಹೊತ್ತೈತಿ.’